ಭೋಸರಿಯ ಭಾಷಣ, ಎರಡು ಬೆರಳಿನ ಲೆಕ್ಕ

2024ರ ನವೆಂಬರ್. ಮಹಾರಾಷ್ಟ್ರ ವಿಧಾನಸಭೆ ಚುನಾವಣೆಯ ಪ್ರಚಾರ ಜೋರಾಗಿತ್ತು. ಪುಣೆ ಬಳಿಯ ಭೋಸರಿಯಲ್ಲಿ, ಎಂಐಡಿಸಿ ಕೈಗಾರಿಕಾ ಪ್ರದೇಶದ ಹತ್ತಿರದ ಬಯಲಿನಲ್ಲಿ ಒಂದು ಸಂಜೆ ಕೇಳಿದ ಭಾಷಣ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ. ಮಾತಾಡಿದವರ ಹೆಸರು, ಪಕ್ಷ ಇಲ್ಲಿ ಬೇಡ. ಇದೇ ಥರದ ಮಾತನ್ನು ಬೇರೆ ಪಕ್ಷಗಳ ವೇದಿಕೆಯಲ್ಲೂ ಕೇಳಿದ್ದೇನೆ. ಭಾಷಣ ಕಳಪೆಯಾಗಿದ್ದರೆ ಮನೆ ಮುಟ್ಟುವಷ್ಟರಲ್ಲಿ ಮರೆತಿರುತ್ತಿದ್ದೆ. ಅದು ತುಂಬಾ ಚೆನ್ನಾಗಿತ್ತು. ಕೆಲಸದಲ್ಲಿ ಕೈ ಬೆರಳು ಕಳಕೊಂಡವರ ಪರಿಹಾರದ ಬಗ್ಗೆ ಒಬ್ಬ ರಾಜಕಾರಣಿ ಅಷ್ಟು ಹೊತ್ತು ಮಾತಾಡೋದೇ ಅಪರೂಪ, ಅಲ್ವಾ? ಜನ ಕಣ್ಣೊರೆಸಿಕೊಂಡರು, ಚಪ್ಪಾಳೆ ಹೊಡೆದರು, ಕೂಗಿದರು. ಆದರೆ ಎಲ್ಲ ಮುಗಿದ ಮೇಲೆ, ಅಲ್ಲಿ ಕೂತಿದ್ದ ಬೆರಳಿಲ್ಲದವನಿಗೆ ಹೊಸದಾಗಿ ಏನು ಗೊತ್ತಾಯಿತು? ಏನೂ ಇಲ್ಲ. ಅಷ್ಟು ಬಲವಾದ ಮಾತು ಅಷ್ಟು ಖಾಲಿಯಾಗಿರಲು ಹೇಗೆ ಸಾಧ್ಯ ಅನ್ನೋದೇ ನನ್ನನ್ನು ಕಾಡುತ್ತಿರುವ ಪ್ರಶ್ನೆ.

ನಾನು ಭೋಸರಿಯ ಸಣ್ಣ ಕಾರ್ಖಾನೆಗಳಲ್ಲಿ ಲೆಕ್ಕ ಬರೆದೇ ತಲೆ ಬೆಳ್ಳಗೆ ಮಾಡಿಕೊಂಡವನು. ಈ ಭಾಗದ ಪ್ರೆಸ್ ಶಾಪ್‌ಗಳಲ್ಲಿ ನಮ್ಮ ವಿಜಯಪುರ, ಕಲಬುರಗಿ, ಬೀದರ ಕಡೆಯ ಹುಡುಗರು ತುಂಬಾ ಜನ ಇದ್ದಾರೆ. ದೊಡ್ಡ ವಾಹನ ಕಂಪನಿಗಳಿಗೆ ಬೇಕಾದ ಸಣ್ಣ ಸಣ್ಣ ಲೋಹದ ಭಾಗಗಳು ಇಲ್ಲೇ ಆಗೋದು. ತಗಡನ್ನು ಡೈ ಅನ್ನುವ ಅಚ್ಚಿನ ಮೇಲೆ ಇಡಬೇಕು, ಪೆಡಲ್ ತುಳಿಯಬೇಕು, ಪ್ರೆಸ್ ಕೆಳಗಿಳಿಯುತ್ತದೆ, ಭಾಗವನ್ನು ತೆಗೆಯಬೇಕು. ದಿನಕ್ಕೆ ಸಾವಿರಾರು ಸಲ. ಕೈ ಒಳಗಿರುವಾಗ ಪ್ರೆಸ್ ಇಳಿಯದಂತೆ ಗಾರ್ಡ್ ಇರುತ್ತದೆ, ಕೆಲವು ಕಡೆ ಸೆನ್ಸರ್ ಇರುತ್ತದೆ. ಎಷ್ಟೋ ಶಾಪ್‌ಗಳಲ್ಲಿ ಅದನ್ನು ತೆಗೆದಿಟ್ಟಿರುತ್ತಾರೆ. ಗಾರ್ಡ್ ಇದ್ದರೆ ಪೀಸ್ ಕಡಿಮೆ ಬರುತ್ತವೆ ಅಂತ. ಉಳಿದದ್ದು ಇಲ್ಲಿಯವರಿಗೆ ಹೇಳಬೇಕಾಗಿಲ್ಲ.

ಎತ್ತಿ ಹಿಡಿದ ಕೈ

ಭಾಷಣಕಾರರು ಶುರು ಮಾಡಿದ್ದೇ ಕನ್ನಡದಲ್ಲಿ. "ಎಲ್ಲರಿಗೂ ನಮಸ್ಕಾರ್ರೀ, ಊಟ ಆತೇನ್ರೀ?" ಅಂದರು. ಅಷ್ಟೇ ಕಲಿತಿದ್ದರು ಅನಿಸುತ್ತದೆ, ಮುಂದಿನದೆಲ್ಲ ಮರಾಠಿ. ಆದರೆ ಆ ಒಂದು ಮಾತಿಗೆ ನಮ್ಮ ಹುಡುಗರು ಕೂತಿದ್ದ ಕಡೆಯಿಂದ ಎದ್ದ ಕೂಗು ನೀವು ಕೇಳಬೇಕಿತ್ತು. ಪರ ಊರಲ್ಲಿ ದುಡಿಯುವವನಿಗೆ ತನ್ನ ಮಾತು ಮೈಕಿನಲ್ಲಿ ಕೇಳಿದರೆ ಎದೆ ತುಂಬಿ ಬರುತ್ತದೆ. ಇದನ್ನು ನಾನು ಸಣ್ಣ ಉಪಾಯ ಅಂತ ತಳ್ಳಿಹಾಕುವುದಿಲ್ಲ. ಜಾರ್ಜ್ ಫರ್ನಾಂಡಿಸ್ ಮಂಗಳೂರಿನಿಂದ ಮುಂಬೈಗೆ ಬಂದು ಹೋಟೆಲ್ ಕಾರ್ಮಿಕರನ್ನು, ಟ್ಯಾಕ್ಸಿ ಚಾಲಕರನ್ನು ಒಟ್ಟುಗೂಡಿಸಿದ್ದು, 1967ರಲ್ಲಿ ದಕ್ಷಿಣ ಮುಂಬೈಯಲ್ಲಿ ಕಾಂಗ್ರೆಸ್ಸಿನ ಎಸ್.ಕೆ. ಪಾಟೀಲರಂಥ ಘಟಾನುಘಟಿಯನ್ನು ಸೋಲಿಸಿದ್ದು, ಇದರಲ್ಲೆಲ್ಲ ಅವರಿಗೆ ಬರುತ್ತಿದ್ದ ಹಲವು ಭಾಷೆಗಳ ಪಾಲು ದೊಡ್ಡದು. ಕೇಳುವವನ ಭಾಷೆಯಲ್ಲಿ ಮಾತಾಡುವುದು ಅವನಿಗೆ ಕೊಡುವ ಮರ್ಯಾದೆ. ಆ ಮರ್ಯಾದೆಯನ್ನು ಕೊಟ್ಟ ಮೇಲೆ ಆ ಭಾಷೆಯಲ್ಲಿ ಏನು ಹೇಳುತ್ತೀರಿ ಅನ್ನೋದು ಮುಂದಿನ ಮಾತು.

ಆಮೇಲೆ ಅವರು ಒಬ್ಬ ಕಾರ್ಮಿಕನನ್ನು ವೇದಿಕೆಗೆ ಕರೆದರು. ನಡುವಯಸ್ಸಿನ ಮನುಷ್ಯ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಬಲಗೈಯಲ್ಲಿ ಹೆಬ್ಬೆರಳು ಮಾತ್ರ ಉಳಿದಿತ್ತು. ಭಾಷಣಕಾರರು ಆ ಕೈಯನ್ನು ಮಣಿಕಟ್ಟಿನಲ್ಲಿ ಹಿಡಿದು, ದೀಪದ ಬೆಳಕಿಗೆ ಎತ್ತಿದರು. ಬಯಲೆಲ್ಲ ಗಪ್‌ಚಿಪ್. ಹಿಂದೆ ವಡಾಪಾವ್ ಗಾಡಿಯ ಎಣ್ಣೆ ಚುರುಗುಡುವುದು ಕೇಳುತ್ತಿತ್ತು. ಅವರು ನಿಧಾನವಾಗಿ, ತಗ್ಗಿದ ದನಿಯಲ್ಲಿ ಹೇಳಿದರು: "ಬೋಟಂ ಗೇಲಿ. ಕಾಮ ಗೇಲಂ. ಘರ ಗೇಲಂ." ಬೆರಳು ಹೋದವು, ಕೆಲಸ ಹೋಯಿತು, ಮನೆ ಹೋಯಿತು. ಮತ್ತೆ ಹೇಳಿದರು. ಮೂರನೇ ಸಲ ಜನವೇ ಅವರ ಜತೆ ಹೇಳಿದರು. ನನ್ನ ಮುಂದೆ ಕೂತ ಹೆಂಗಸು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನನಗೂ ಗಂಟಲು ಕಟ್ಟಿತು. ಅದು ನಿಜವಾದ ಕೈ, ನಿಜವಾದ ನೋವು. ಸಾವಿರ ಜನರ ಬೆರಳು ಹೋಗಿದೆ ಅಂದರೆ ಯಾರಿಗೂ ಏನೂ ಕಾಣುವುದಿಲ್ಲ, ಒಂದು ಕೈ ಕಣ್ಣೆದುರು ಬಂದರೆ ಎಲ್ಲ ಕಾಣುತ್ತದೆ. ಮಾತು ಬಲ್ಲವರಿಗೆ ಇದು ಯಾವಾಗಲೂ ಗೊತ್ತು.

ಆದರೆ ಆ ಮನುಷ್ಯನ ಮುಖ ನೋಡುತ್ತಿದ್ದೆ ನಾನು. ಅವನು ತನ್ನ ಚಪ್ಪಲಿ ನೋಡುತ್ತಾ ನಿಂತಿದ್ದ. ಅವನ ಕೈಗೆ ಯಾರೂ ಮೈಕ್ ಕೊಡಲಿಲ್ಲ. ಯಾವ ವರ್ಷ ಆಯಿತು, ಹೇಗಾಯಿತು, ದಾವೆ ಹಾಕಿದ್ದಾನಾ, ಎಷ್ಟು ಸಿಕ್ಕಿತು ಅಂತ ಒಂದು ಮಾತೂ ಕೇಳಲಿಲ್ಲ. ಇನ್ನೊಂದನ್ನು ಗಮನಿಸಿ. ಆ ಮೂರು ಸಾಲಿನಲ್ಲಿ ಬೆರಳು ತಾನಾಗಿಯೇ ಹೋಗಿದೆ. ಗಾರ್ಡ್ ತೆಗೆದವರು ಯಾರು, ಹಾಗೇ ಓಡಿಸು ಅಂದವರು ಯಾರು, ಆ ಮಾತೇ ಇಲ್ಲ. ಮಳೆ ಹೋಯಿತು, ಬೆಳೆ ಹೋಯಿತು ಅಂದ ಹಾಗೆ. ಹಿಂದೆಯೇ ಬಂದ ಸಿಟ್ಟೆಲ್ಲ ದೂರದವರ ಮೇಲೆ ಹರಿಯಿತು, ದಿಲ್ಲಿಯ ಮೇಲೆ, ಮುಂಬೈಯ ದೊಡ್ಡ ಮನೆಗಳ ಮೇಲೆ. ಮುಂದಿನ ಸಾಲಿನ ಕುರ್ಚಿಯಲ್ಲಿ ಭೋಸರಿಯದೇ ಶಾಪ್ ಮಾಲೀಕರು ಕೂತಿದ್ದರು. ಅವರಲ್ಲಿ ಕೆಲವರು ನನಗೆ ಗೊತ್ತಿದ್ದವರು. ಅವರೂ ಚಪ್ಪಾಳೆ ಹೊಡೆದರು.

ಕೊನೆಗೆ ಪ್ರಶ್ನೆಗಳು ಬಂದವು. "ಮಿಳಾಯ್ಲಾ ಪಾಹಿಜೆ ಕೀ ನಾಹೀ?" ಸಿಗಬೇಕೋ ಬೇಡವೋ? "ಪಾಹಿಜೆ!" ಅಂತ ಬಯಲೆಲ್ಲ ಕೂಗಿತು. ಒಮ್ಮೆ ಕೂಗಿದ ಮೇಲೆ ಆ ಮಾತು ನಮ್ಮದೇ ಆಗಿಬಿಡುತ್ತದೆ. ಯಾರೋ ಹೇಳಿದ್ದು ಅನಿಸುವುದಿಲ್ಲ. ಆಗ ಅವರು ತಮ್ಮ ಮಾತು ಕೊಟ್ಟರು: "ನಾನು ನಿಮ್ಮ ಮನೆಯ ಮಗ. ನನ್ನನ್ನು ಗೆಲ್ಲಿಸಿ. ಕೈ ಕಳಕೊಂಡ ಪ್ರತಿಯೊಬ್ಬನಿಗೂ ಸರ್ಕಾರದಿಂದ ನೆರವು ಕೊಡಿಸುತ್ತೇನೆ."

ಈ 'ಕೊಡಿಸುತ್ತೇನೆ'ಯೇ ನನಗೆ ನುಂಗಲಾಗದ ತುತ್ತು. ಕೊಡಬೇಕು ಅಂತ ಕಾನೂನು ಬಂದು ನೂರು ವರ್ಷ ದಾಟಿದೆ. ಕೊಡಬೇಕಾದವನು ಕೆಲಸ ಕೊಟ್ಟ ಮಾಲೀಕ. ಅದನ್ನು ಪಡೆಯಲು ಯಾರನ್ನೂ ಗೆಲ್ಲಿಸಬೇಕಾಗಿಲ್ಲ. ಆಗಲೇ ನಮ್ಮದಾಗಿರುವ ಹಕ್ಕನ್ನು ಭಾಷಣದಲ್ಲಿ ಕರುಣೆಯ ಮಾತಾಗಿ ಬದಲಿಸಿಬಿಟ್ಟರೆ, ಕೇಳಿದವನು ಕೈಮುಗಿದು ಕಾಯುತ್ತಾ ಕೂರುತ್ತಾನೆ. ಕಾಯುತ್ತಾ ಕೂತರೆ ದಾವೆಯ ಅವಧಿ ಮುಗಿಯುತ್ತದೆ. 1923ರ ಆ ಕಾಯ್ದೆಯಲ್ಲಿ ಅದು ಎರಡು ವರ್ಷ ಇತ್ತು.

"ಕಾಕಾ, ನನಗ ಎಷ್ಟ ಬರ್ತದ?"

ಆ ಬಯಲಿನಲ್ಲಿ ನನ್ನ ಪಕ್ಕ ಇಂಡಿ ತಾಲ್ಲೂಕಿನ ಒಬ್ಬ ಹುಡುಗ ಕೂತಿದ್ದ. ಹುಡುಗ ಅಂದರೆ ಮೂವತ್ತು ತುಂಬಿದವನು, ಊರಲ್ಲಿ ಹೆಂಡತಿ, ಮಗು. ಪವರ್ ಪ್ರೆಸ್ಸಿನಲ್ಲಿ ಬಲಗೈಯ ತೋರುಬೆರಳು, ನಡುಬೆರಳು ಬುಡಸಮೇತ ಹೋಗಿ ಕೆಲವು ತಿಂಗಳಾಗಿತ್ತು. ಎಲ್ಲರಿಗಿಂತ ಜೋರಾಗಿ "ಪಾಹಿಜೆ" ಅಂತ ಕೂಗಿದವನು ಅವನೇ. ಜನ ಚದುರುವಾಗ ನನ್ನ ತೋಳು ಮುಟ್ಟಿ ಕೇಳಿದ: "ಕಾಕಾ, ನೀವು ಲೆಕ್ಕದವರು. ನನಗ ಎಷ್ಟ ಬರ್ತದ? ಎಲ್ಲಿ ಹೋಗಿ ಕೇಳಬೇಕ್ರೀ?"

ಭಾಷಣ ಕೇಳಿದ ಮೇಲೂ ಅವನಿಗೆ ಈ ಎರಡು ಪ್ರಶ್ನೆ ಹಾಗೇ ಉಳಿದಿದ್ದವು. ಮಾರನೇ ರವಿವಾರ ಅವನ ಖೋಲಿಗೆ ಹೋದೆ. ಪಾಳಿಯ ಪ್ರಕಾರ ಮಲಗುವ ಹುಡುಗರು, ಗೋಡೆಗೆ ಒರಗಿಸಿದ ಚಾಪೆಗಳು, ಮೂಲೆಯಲ್ಲಿ ಸ್ಟೋವ್. ಚಾಪೆಯ ಮೇಲೆ ಕಾಗದ ಹರಡಿ ಲೆಕ್ಕಕ್ಕೆ ಕೂತೆವು. ಅವನ ಶಾಪ್‌ನಲ್ಲಿ ಹತ್ತು ಜನವೂ ಇರಲಿಲ್ಲ, ಹಾಗಾಗಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಇರಲಿಲ್ಲ. ಇಎಸ್‌ಐ ಇದ್ದಿದ್ದರೆ ದಾರಿ ಬೇರೆ. ಒಟ್ಟು ಹಣ ಬರುವುದಿಲ್ಲ, ಶಾಶ್ವತ ಊನಕ್ಕೆ ತಕ್ಕ ಹಾಗೆ ತಿಂಗಳು ತಿಂಗಳು ಹಣ ಬರುತ್ತದೆ. ಎರಡೂ ಕಡೆ ಕೇಳುವ ಹಾಗಿಲ್ಲ. ಇವನಿಗೆ ಅನ್ವಯಿಸುವುದು ಆಗ ಜಾರಿಯಲ್ಲಿದ್ದ 1923ರ ನೌಕರರ ಪರಿಹಾರ ಕಾಯ್ದೆ.

ಅದರ ಮೊದಲ ಪಟ್ಟಿ ಓದುವಾಗ ಮೈ ಜುಮ್ಮೆನ್ನುತ್ತದೆ. ಹೆಬ್ಬೆರಳು ಹೋದರೆ ದುಡಿಮೆಯ ಶಕ್ತಿಯಲ್ಲಿ ಶೇಕಡಾ 30 ನಷ್ಟ. ಒಂದೇ ಕೈಯ ನಾಲ್ಕು ಬೆರಳು ಹೋದರೆ 50. ಮೂರಾದರೆ 30, ಎರಡಾದರೆ 20. ಇನ್ನೊಂದು ಕಣ್ಣು ಚೆನ್ನಾಗಿದ್ದು ಒಂದು ಹೋದರೆ 40. ಬೆರಳಿನ ಪಟ್ಟಿಯಲ್ಲಿ ಬಲಗೈ, ಎಡಗೈ ಅನ್ನುವ ಭೇದವಿಲ್ಲ. ಬಲಗೈಯಲ್ಲೇ ಎಲ್ಲ ಮಾಡುವ ಪ್ರೆಸ್ ಆಪರೇಟರ್‌ಗೆ ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ. ಅವನ ಪಗಾರ ತಿಂಗಳಿಗೆ 16,500. ಆದರೆ ಕಾನೂನು ಲೆಕ್ಕಕ್ಕೆ ಹಿಡಿಯುವುದು ಹೆಚ್ಚೆಂದರೆ 15,000. 2020ರ ಜನವರಿಗೆ ಮುಂಚೆ ಈ ಮಿತಿ 8,000 ಇತ್ತು. 15,000ದ ಶೇಕಡಾ 60 ಅಂದರೆ 9,000. ಅದನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಬೇಕು. ಮೂವತ್ತು ವರ್ಷಕ್ಕೆ ಆ ಅಂಕಿ 207.98. ವಯಸ್ಸು ಹೆಚ್ಚಿದಷ್ಟೂ ಅದು ಇಳಿಯುತ್ತದೆ, ಐವತ್ತಕ್ಕೆ 153.09. ಗುಣಿಸಿದರೆ 18,71,820. ಪೂರ್ತಿ ಊನವಾದರೆ ಸಿಗುವ ಹಣ ಅದು. ಅದರ ಶೇಕಡಾ 20 ಅಂದರೆ 3,74,364 ರೂಪಾಯಿ.

ನಾನು ಆ ಸಂಖ್ಯೆಯ ಕೆಳಗೆ ಗೆರೆ ಎಳೆದಾಗ ಖೋಲಿಯಲ್ಲಿ ಮಲಗಿದ್ದವನೂ ಎದ್ದು ಕೂತ. ಹುಡುಗ ಕಾಗದವನ್ನು ಎಡಗೈಯಲ್ಲಿ ತಗೊಂಡು ಬಹಳ ಹೊತ್ತು ನೋಡಿದ. ಆಮೇಲೆ ಹೇಳಿದ: "ಶೇಠ್ ದವಾಖಾನಿ ಬಿಲ್ ಕಟ್ಯಾನ್ರೀ. ಮ್ಯಾಲ ಹತ್ತ ಸಾವಿರ ಕೊಟ್ಟಾನ. ಒಂದ ಕಾಗದಕ್ಕ ಸಹಿ ತಗೊಂಡಾನ, ಇನ್ನ ಏನೂ ಕೇಳೂದಿಲ್ಲಂತ."

ಇದೂ ಒಂದು ಭಾಷಣವೇ, ನೋಡಿ. ಮೈಕ್ ಇಲ್ಲ, ಜನ ಇಲ್ಲ. ಆಸ್ಪತ್ರೆಯ ಮಂಚದ ಪಕ್ಕ ತಗ್ಗಿದ ದನಿಯಲ್ಲಿ ನಡೆಯುವ ಭಾಷಣ. "ನಿನ್ನ ಗಮನ ಎಲ್ಲಿತ್ತು? ಮೊಬೈಲ್ ನೋಡ್ತಿದ್ದಿಯಂತೆ. ಆದರೂ ನಾನು ಕೈಬಿಡೋದಿಲ್ಲ, ನೀನು ನಮ್ಮ ಮನೆಯವನೇ." ಮೊದಲು ತಪ್ಪನ್ನು ಅವನ ತಲೆಗೆ ಕಟ್ಟುವುದು, ಆಮೇಲೆ ದಯೆ ತೋರಿಸುವುದು. ನೋವಿನಲ್ಲಿ ಇರುವವನಿಗೆ ಇದಕ್ಕಿಂತ ಬಲವಾದ ಮಾತಿಲ್ಲ. ಬಯಲಿನ ಭಾಷಣವೂ ಮಂಚದ ಪಕ್ಕದ ಭಾಷಣವೂ ಒಂದೇ ಕಡೆ ಬಂದು ಸೇರಿದ್ದು ನನಗೆ ಆ ಖೋಲಿಯಲ್ಲಿ ಕಂಡಿತು. ಎರಡರಲ್ಲೂ ಕೊಡುವವನು ದೊಡ್ಡವನು, ಪಡೆಯುವವನು ಋಣಿ.

ಕಾನೂನು ಹೇಳುವುದು ಬೇರೆ. ಅದರ ಬೆನ್ನೆಲುಬೇ ತಪ್ಪು ಯಾರದು ಅಂತ ಕೇಳದೇ ಇರುವುದು. ಕೆಲಸದಿಂದಾಗಿ, ಕೆಲಸದ ವೇಳೆಯಲ್ಲಿ ಗಾಯವಾಯಿತಾ? ಹಾಗಾದರೆ ಮಾಲೀಕ ಕೊಡಬೇಕು. ಗಮನ ತಪ್ಪಿತು ಅನ್ನುವುದು ನೆಪವಾಗುವುದಿಲ್ಲ. ಕುಡಿದಿದ್ದರೆ, ಸುರಕ್ಷತೆಯ ನಿಯಮವನ್ನು ಬೇಕೆಂದೇ ಮುರಿದಿದ್ದರೆ, ಗಾರ್ಡನ್ನು ತಾನೇ ಬೇಕೆಂದು ತೆಗೆದಿದ್ದರೆ ಮಾತ್ರ ಮಾಲೀಕನಿಗೆ ವಿನಾಯಿತಿ. ಸಾವು ಅಥವಾ ಪೂರ್ಣ ಶಾಶ್ವತ ಊನವಾದರೆ ಆ ವಿನಾಯಿತಿಯೂ ಇಲ್ಲ. ಹಕ್ಕು ಬಿಟ್ಟುಕೊಟ್ಟೆ ಅಂತ ಬರೆಸಿಕೊಂಡ ಕಾಗದಕ್ಕೆ ಕಾಯ್ದೆಯ 17ನೇ ಕಲಮಿನ ಮುಂದೆ ಬೆಲೆಯಿಲ್ಲ. ಠೇಕೆದಾರನ ಕಡೆಯವನು ಅಂತ ಕೈ ಚೆಲ್ಲಲೂ ಆಗದು, 12ನೇ ಕಲಮಿನ ಪ್ರಕಾರ ಮೂಲ ಮಾಲೀಕನೇ ಕೊಟ್ಟು ಆಮೇಲೆ ಠೇಕೆದಾರನಿಂದ ವಸೂಲಿ ಮಾಡಿಕೊಳ್ಳಬೇಕು. ಒಂದು ತಿಂಗಳಿಗಿಂತ ತಡವಾದರೆ ಶೇಕಡಾ 12 ಬಡ್ಡಿ. ತಡಕ್ಕೆ ಸರಿಯಾದ ಕಾರಣವಿಲ್ಲದಿದ್ದರೆ ಶೇಕಡಾ 50ರವರೆಗೆ ದಂಡ. ಇಷ್ಟೆಲ್ಲ ಹೇಳಿ ಮುಗಿಸಿದಾಗ ಅವನು ಕೇಳಿದ್ದು ಒಂದೇ ಮಾತು: "ಹಂಗಾರ ಆವತ್ತ ಮೈಕಿನ್ಯಾಗ ಇದನ್ನ ಯಾಕ ಹೇಳಲಿಲ್ಲ?"

ನ್ಯೂಯಾರ್ಕಿನ ಒಂದು ತೋಳು

ಉತ್ತರ ಹುಡುಕುತ್ತಾ ಹಳೆಯದನ್ನೆಲ್ಲ ಓದಲು ಶುರು ಮಾಡಿದೆ. ಭಾವನೆ ಕೆದಕುವ ಮಾತೇ ತಪ್ಪು ಅನ್ನುವವನಲ್ಲ ನಾನು. ಒಣ ಅಂಕಿಗಳಿಗೆ ಯಾರೂ ಬಯಲಿಗೆ ಬಂದು ಕೂರುವುದಿಲ್ಲ. ಗಾಯವನ್ನು ಎತ್ತಿ ತೋರಿಸಿಯೂ ಕಾನೂನಿನವರೆಗೆ ಹೋದ ಮಾತು ಇದೆಯಾ ಅಂತ ನೋಡಬೇಕಿತ್ತು.

ಅಮೆರಿಕದಲ್ಲಿ ಸಿಕ್ಕಿತು. ಸಾರಾ ನಿಸ್ಲಿ ಅನ್ನುವ ಯುವತಿ ನ್ಯೂಯಾರ್ಕ್ ರಾಜ್ಯದ ಒಂದು ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದಳು. ಮುಚ್ಚಳವಿಲ್ಲದ ಹಲ್ಲುಚಕ್ರಗಳಿಗೆ ಸಿಕ್ಕಿ ತೋಳು ಹೋಯಿತು. ಚಕ್ರಗಳಿಗೆ ಮುಚ್ಚಳ ಹಾಕಬೇಕು ಅಂತ ರಾಜ್ಯದ ಕಾನೂನು ಆಗಲೇ ಇತ್ತು. ಕೋರ್ಟಿನ ಪಂಚರು (ಜ್ಯೂರಿ) ಅವಳ ಪರ ತೀರ್ಪು ಕೊಟ್ಟರು. ಆದರೆ 1896ರಲ್ಲಿ ರಾಜ್ಯದ ಮೇಲಿನ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅಪಾಯ ಕಣ್ಣಿಗೆ ಕಾಣುತ್ತಿದ್ದರೂ ಕೆಲಸ ಮುಂದುವರಿಸಿದಳು, ಅಂದರೆ ಅಪಾಯವನ್ನು ತಾನೇ ಒಪ್ಪಿಕೊಂಡಳು ಅನ್ನುವುದು ಅದರ ವಾದ. ಮುಂದೆ 1911ರ ಮಾರ್ಚ್ 24ರಂದು ಅದೇ ನ್ಯಾಯಾಲಯ ರಾಜ್ಯದ ಹೊಸ ಪರಿಹಾರ ಕಾಯ್ದೆಯನ್ನೂ ರದ್ದು ಮಾಡಿತು. ಮಾರನೇ ದಿನವೇ ನ್ಯೂಯಾರ್ಕಿನ ಟ್ರಯಾಂಗಲ್ ಬಟ್ಟೆ ಕಾರ್ಖಾನೆಗೆ ಬೆಂಕಿ ಬಿದ್ದು 146 ಜನ ಸತ್ತರು, ಹೆಚ್ಚಿನವರು ಎಳೆ ವಯಸ್ಸಿನ ಹೆಣ್ಣುಮಕ್ಕಳು.

ಆ ವರ್ಷಗಳಲ್ಲಿ ಮಾಜಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ನಿಸ್ಲಿಯ ತೋಳನ್ನು ತಮ್ಮ ವಾದದ ಮುಂದಿಟ್ಟರು. ಅವರೂ ರಾಜಕಾರಣಿ, 1912ರಲ್ಲಿ ಮತ್ತೆ ಅಧ್ಯಕ್ಷ ಸ್ಥಾನಕ್ಕೆ ನಿಂತವರು. ಮತ ಅವರಿಗೂ ಬೇಕಿತ್ತು. ಆದರೆ ಅವರ ವಾದದಲ್ಲಿ ತೋಳು ತಾನಾಗಿ ಹೋಗಿರಲಿಲ್ಲ. ಮುಚ್ಚಳ ಹಾಕದ ಮಾಲೀಕನಿದ್ದ, ಕಾಗದದ ಮೇಲೆ ಉಳಿದ ಕಾನೂನಿತ್ತು, ತೀರ್ಪು ಕೊಟ್ಟ ನ್ಯಾಯಾಲಯವಿತ್ತು. ಕೇಳಿದವರ ಸಿಟ್ಟಿಗೆ ಒಂದು ಬಾಗಿಲು ಸಿಕ್ಕಿತು. 1913ರಲ್ಲಿ ನ್ಯೂಯಾರ್ಕಿನ ಮತದಾರರು ರಾಜ್ಯದ ಸಂವಿಧಾನಕ್ಕೇ ತಿದ್ದುಪಡಿ ತಂದು ಪರಿಹಾರ ಕಾಯ್ದೆಗೆ ದಾರಿ ಮಾಡಿದರು. ಒಬ್ಬರ ಮಾತಿನಿಂದಲೇ ಅದು ಆಯಿತು ಅನ್ನುತ್ತಿಲ್ಲ. ಮಾತು ಯಾವ ಕಡೆ ಕೈ ತೋರಿಸಿತು ಅನ್ನುವುದು ಮುಖ್ಯ.

ನಮ್ಮಲ್ಲೇ ಇದಕ್ಕಿಂತ ಹಳೆಯದು, ಇದಕ್ಕಿಂತ ಚೆಂದದ್ದು ಇದೆ. 1884ರಲ್ಲಿ ಮುಂಬೈಯ ಪರೇಲ್‌ನಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಗಿರಣಿ ಕಾರ್ಮಿಕರ ಸಭೆ ಸೇರಿಸಿದರು. ಅವರು ಜ್ಯೋತಿಬಾ ಫುಲೆಯವರ ಜತೆಗಾರರು, 'ದೀನಬಂಧು' ಪತ್ರಿಕೆ ನಡೆಸಿದವರು. ಅಲ್ಲಿ ಸಿದ್ಧವಾದ ಮನವಿಗೆ ಸುಮಾರು 5,500 ಕಾರ್ಮಿಕರು ಸಹಿ ಹಾಕಿದರು. ವಾರಕ್ಕೊಂದು ರಜೆ, ನಡು ಮಧ್ಯಾಹ್ನ ಅರ್ಧ ಗಂಟೆ ಬಿಡುವು, ತಿಂಗಳ 15ರೊಳಗೆ ಪಗಾರ. ಜತೆಗೆ ಇದು: ಕೆಲಸದಲ್ಲಿ ದೊಡ್ಡ ಗಾಯವಾದರೆ ವಾಸಿಯಾಗುವ ತನಕ ಪೂರ್ತಿ ಪಗಾರ ಕೊಡಬೇಕು, ಜೀವನಪೂರ್ತಿ ಊನವಾದರೆ ಬದುಕಿಗೆ ತಕ್ಕ ವ್ಯವಸ್ಥೆ ಮಾಡಬೇಕು. ಓದಿದಾಗ ನನಗೆ ರೋಮಾಂಚನವಾಯಿತು. ಅದರಲ್ಲಿ ಯಾರೂ ಯಾರ ಮನೆಯ ಮಗನೂ ಅಲ್ಲ. ಯಾವಾಗ, ಎಷ್ಟು, ಎಲ್ಲಿಯವರೆಗೆ ಅನ್ನುವುದು ಸ್ಪಷ್ಟ. ರವಿವಾರದ ರಜೆ 1890ರಲ್ಲಿ ಬಂತು. ಪರಿಹಾರದ ಕಾಯ್ದೆ ಜಾರಿಯಾಗಿದ್ದು 1924ರ ಜುಲೈ 1ಕ್ಕೆ. ನಲವತ್ತು ವರ್ಷ ಕಾದು ಪಡೆದ ಹಕ್ಕು ಅದು. ಅದನ್ನು ಈಗ ಯಾರೋ ಬಂದು ಕೊಡಿಸುತ್ತೇನೆ ಅನ್ನುವಾಗ ನನಗೆ ಲೋಖಂಡೆಯವರ ನೆನಪಾಗಿ ಸಂಕಟವಾಗುತ್ತದೆ.

ಈಗ ಆ ಹಳೆಯ ಕಾಯ್ದೆ 2020ರ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಸಂಹಿತೆ ಜಾರಿಯಾದದ್ದು 2025ರ ನವೆಂಬರ್ 21ಕ್ಕೆ. ಮನೆಯಿಂದ ಕೆಲಸಕ್ಕೆ ಹೋಗಿಬರುವ ದಾರಿಯಲ್ಲಾದ ಅಪಘಾತ, ಕೆಲಸದ ಜತೆ ಅದಕ್ಕೆ ಸಂಬಂಧವಿದ್ದರೆ, ಇನ್ನು ಲೆಕ್ಕಕ್ಕೆ ಬರುತ್ತದೆ. ರಾತ್ರಿ ಪಾಳಿ ಮುಗಿಸಿ ನಾಸಿಕ್ ರಸ್ತೆ ದಾಟುವ ನಮ್ಮ ಹುಡುಗರಿಗೆ ಇದು ದೊಡ್ಡ ವಿಷಯ. ಇದನ್ನೂ ಮೈಕಿನಲ್ಲಿ ಯಾರಾದರೂ ಹೇಳಬೇಕು.

ರಾಜ್ಯೋತ್ಸವದ ವೇದಿಕೆ

ಆ ಹುಡುಗನ ದಾವೆ ಪರಿಹಾರ ಆಯುಕ್ತರ ಮುಂದೆ ಇದೆ. ಅವನು ನಮ್ಮ ಕೆಲಸಗಾರನೇ ಅಲ್ಲ ಅಂತ ಶಾಪ್‌ನ ವಕೀಲರು ಬರೆದುಕೊಟ್ಟಿದ್ದಾರೆ. ಹಾಜರಿ ಪುಸ್ತಕದ ಒಂದು ಹಾಳೆಯ ಫೋಟೋ ಅವನ ಮೊಬೈಲ್‌ನಲ್ಲಿ ಇದ್ದದ್ದು ಪುಣ್ಯ. ತಾರೀಖಿನ ಮೇಲೆ ತಾರೀಖು ಬೀಳುತ್ತಿದೆ, ಅವನು ಬಿಡದೆ ಹೋಗುತ್ತಿದ್ದಾನೆ.

ಕಳೆದ ರಾಜ್ಯೋತ್ಸವದಲ್ಲಿ ನಮ್ಮ ಬಡಾವಣೆಯ ಕನ್ನಡಿಗರು ನನಗೆ ಎರಡು ಮಾತಾಡಲು ಹೇಳಿದರು. ಹುಡುಗನನ್ನು ಮೊದಲೇ ಕೇಳಿ, ಅವನನ್ನೇ ವೇದಿಕೆಗೆ ಕರೆದೆ. ಕೈ ಎತ್ತಿ ಹಿಡಿಯಲಿಲ್ಲ, ಮೈಕ್ ಕೊಟ್ಟೆ. ಅವನು ತನ್ನ ಕಥೆಯನ್ನು ತನ್ನ ಮಾತಿನಲ್ಲಿ ಹೇಳಿದ. ಪ್ರೆಸ್ ಹೇಗೆ ಇಳಿಯಿತು, ಗಾರ್ಡ್ ಯಾರು ತೆಗೆಸಿದ್ದರು, ಯಾವ ಕಾಗದಕ್ಕೆ ಸಹಿ ಹಾಕಿದ. ಜನ ಆಗಲೂ ಅತ್ತರು. ಆಮೇಲೆ ನಾನು ಹೇಳಿದ್ದು ಇಷ್ಟು: ಗಾಯವಾದ ದಿನವೇ ಫೋಟೋ ತೆಗೆಯಿರಿ. ಆಸ್ಪತ್ರೆಯ ಚೀಟಿಯಲ್ಲಿ 'ಕೆಲಸದಲ್ಲಿ ಯಂತ್ರದಿಂದ' ಅಂತ ಬರೆಸಿ, ಮನೆಯಲ್ಲಿ ಬಿದ್ದೆ ಅಂತ ಬರೆಯಲು ಬಿಡಬೇಡಿ. ಮಾಲೀಕನಿಗೆ ಬರಹದಲ್ಲಿ ತಿಳಿಸಿ, ಪ್ರತಿ ಇಟ್ಟುಕೊಳ್ಳಿ. ಇಎಸ್‌ಐ ಇರುವ ಕಡೆ ನಿಮ್ಮ ಹೆಸರಲ್ಲಿ ವಂತಿಗೆ ಕಟ್ಟಿರದಿದ್ದರೂ ಹಕ್ಕು ಹೋಗುವುದಿಲ್ಲ. ಓದದೆ ಸಹಿ ಹಾಕಬೇಡಿ. ಎರಡು ಬೆರಳಿಗೆ ಎಷ್ಟು, ಹೆಬ್ಬೆರಳಿಗೆ ಎಷ್ಟು ಅನ್ನುವುದನ್ನೂ ಓದಿದೆ.

ಚಪ್ಪಾಳೆ ಕಡಿಮೆಯೇ ಬಿತ್ತು. ಊಟದ ಸಾಲಿನಲ್ಲಿ ಮಾತ್ರ ನನ್ನ ತಟ್ಟೆಗೆ ಅನ್ನ ಬೀಳುವ ಮುಂಚೆಯೇ ಜನ ಸುತ್ತುಗಟ್ಟಿದರು. ಬೀದರ ಕಡೆಯ ಒಬ್ಬ ತಾಯಿ ಕೇಳಿದಳು: "ಅಣ್ಣಾರ, ನನ್ನ ಗಂಡ ಸ್ಲ್ಯಾಬಿಂದ ಬಿದ್ದು ಸೊಂಟ ಮುರದದ. ಠೇಕೆದಾರ ಫೋನ್ ಎತ್ತಂಗಿಲ್ಲ." ಕಟ್ಟಡ ಯಾರದು, ಬಿಲ್ಡರ್ ಹೆಸರು ಗೊತ್ತಾ ಅಂತ ಕೇಳಿದೆ. ಗೊತ್ತಿರಲಿಲ್ಲ. ಸೈಟಿನ ಮುಂದೆ ದೊಡ್ಡ ಬೋರ್ಡ್ ಇರುತ್ತದಲ್ಲ, ನಾಳೆ ಬೆಳಿಗ್ಗೆ ಅದರ ಫೋಟೋ ತೆಗೆದು ಕಳಿಸಮ್ಮಾ ಅಂದೆ. ಬೆಳಿಗ್ಗೆ ಏಳಕ್ಕೆಲ್ಲ ಫೋಟೋ ಬಂತು, ಬಿಲ್ಡರ್ ಹೆಸರು ವಿಳಾಸದ ಸಮೇತ. ಅವತ್ತೇ ನೋಟಿಸ್ ಬರೆದೆವು.